ಲಂಡನ್‌ನಿಂದ ಟೋಕಿಯೊ 9,600 ಕಿ.ಮೀ. ಅಷ್ಟೇ ಅಲ್ವಾ? ವಿಮಾನಕ್ಕೆ 14 ಗಂಟೆ ಯಾಕೆ ಬೇಕು?

ಮೋಡದಂಚು:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನನ್ನ ಅಕ್ಕ ಟೋಕಿಯೊದಲ್ಲಿದ್ದಾಳೆ. ಅಮ್ಮ ಸದ್ಯ ಲಂಡನ್‌ನಲ್ಲಿ ನನ್ನ ಜೊತೆ ಇದ್ದಾರೆ. ವಯಸ್ಸು 68, ಮಂಡಿನೋವು ಇದೆ, ಮಿಕ್ಕಂತೆ ಗಟ್ಟಿಯಾಗಿದ್ದಾರೆ. ಜೂನ್‌ನಲ್ಲಿ ಅವರನ್ನು ಅಕ್ಕನ ಹತ್ತಿರ ಕಳಿಸಬೇಕು, ಒಬ್ಬರೇ ಹೋಗುತ್ತಾರೆ. ಟಿಕೆಟ್ ಇನ್ನೂ ತೆಗೆದಿಲ್ಲ, ನೋಡುತ್ತಿದ್ದೇನೆ.

ನೇರ ವಿಮಾನ ಒಂದಿದೆ. ಲಂಡನ್‌ನ ಹೀಥ್ರೂನಿಂದ ಬೆಳಿಗ್ಗೆ 9:30ಕ್ಕೆ ಹೊರಟು ಮಾರನೇ ದಿನ ಬೆಳಿಗ್ಗೆ 7:20ಕ್ಕೆ ಟೋಕಿಯೊದ ಹನೆಡಾ ನಿಲ್ದಾಣ ತಲುಪುತ್ತದೆ. ವಾಪಸ್ ಬರುವುದು ಹನೆಡಾದಿಂದ ಬೆಳಿಗ್ಗೆ 9ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 3:30ಕ್ಕೆ ಹೀಥ್ರೂಗೆ. ಅಮ್ಮ ಇದನ್ನು ನೋಡಿ, "ಹೋಗೋಕೆ ಒಂದು ದಿನ, ಬರೋಕೆ ಆರೂವರೆ ಗಂಟೆ, ಇದೇನೋ ಇದು?" ಅಂತ ಕೇಳಿದರು. ಗಡಿಯಾರದ ವ್ಯತ್ಯಾಸ ಅಂತ ಹೇಳಿದೆ, ಆದರೆ ಅವರಿಗೆ ಒಪ್ಪಿಗೆಯಾಗುವ ಹಾಗೆ ಹೇಳಲು ನನಗೆ ಬರಲಿಲ್ಲ.

ನನ್ನ ಗೊಂದಲ ಬೇರೆ. ದೂರ ತೋರಿಸುವ ಸೈಟ್‌ನಲ್ಲಿ ಎರಡು ಊರಿನ ನಡುವೆ ಸುಮಾರು 9,560 ಕಿ.ಮೀ. ಅಂತ ಇದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದುಕೊಂಡರೆ 11 ಗಂಟೆಯೂ ಆಗಬಾರದು. ಟಿಕೆಟ್ ಪ್ರಕಾರ ಹೋಗುವುದು 13 ಗಂಟೆ 50 ನಿಮಿಷ, ಬರುವುದು 14 ಗಂಟೆ 30 ನಿಮಿಷ. ನನ್ನ ಜೊತೆ ಕೆಲಸ ಮಾಡುವವರೊಬ್ಬರು 2019ರಲ್ಲಿ ಇದೇ ದಾರಿಯಲ್ಲಿ ಹೋಗಿದ್ದರಂತೆ, ಆಗ 12 ಗಂಟೆ ಕೂಡ ಆಗಲಿಲ್ಲ ಅನ್ನುತ್ತಾರೆ. ವಿಮಾನಗಳು ನಿಧಾನ ಆದವಾ? ಅಥವಾ ದೂರದ ಲೆಕ್ಕವೇ ತಪ್ಪಾ? ಇನ್ನೊಂದು, ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಉಕ್ರೇನ್, ಕಝಾಕಸ್ತಾನ, ಚೀನಾ ಮೇಲೆ ಹೋಗುತ್ತದೆ. ಆ ಸೈಟ್ ಮಾತ್ರ ಗೆರೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಉತ್ತರದ ಮೇಲ್ತುದಿಗೆ ಒಯ್ದಿದೆ.

ಕೊನೆಯದಾಗಿ, 14 ಗಂಟೆ ಒಂದೇ ಸಮ ಕೂರುವುದು ಒಳ್ಳೆಯದಾ, ನಡುವೆ ಒಂದು ಕಡೆ ಇಳಿದು ಹೋಗುವುದು ಒಳ್ಳೆಯದಾ? ಮಂಡಿನೋವು ಇರುವವರಿಗೆ ಅಂತ ಕೇಳುತ್ತಿದ್ದೇನೆ.


ದಾರದುಂಡೆ:

ಮೊದಲು ಅಮ್ಮನ ಪ್ರಶ್ನೆ, ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಜೂನ್‌ನಲ್ಲಿ ಟೋಕಿಯೊ ಗಡಿಯಾರ ಲಂಡನ್‌ಗಿಂತ 8 ಗಂಟೆ ಮುಂದೆ ಇರುತ್ತದೆ. ಚಳಿಗಾಲದಲ್ಲಾದರೆ 9 ಗಂಟೆ, ಯಾಕೆಂದರೆ ಲಂಡನ್‌ನವರು ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಜಪಾನ್‌ನಲ್ಲಿ ಆ ಪದ್ಧತಿ ಇಲ್ಲ. ಹೋಗುವಾಗ ಈ 8 ಗಂಟೆ ಪ್ರಯಾಣಕ್ಕೆ ಸೇರಿಕೊಂಡು ಉದ್ದ ಕಾಣುತ್ತದೆ. ಬರುವಾಗ ಅದೇ 8 ಗಂಟೆ ಕಳೆದುಹೋಗಿ ಗಿಡ್ಡ ಕಾಣುತ್ತದೆ.

ಅಮ್ಮನಿಗೆ ಹೀಗೆ ಹೇಳಿ ನೋಡಿ. ಟಿಕೆಟ್‌ನಲ್ಲಿ ಕಾಣುವ ಎರಡೂ ಹೊತ್ತನ್ನು ಕೂಡಿಸಿ. ಹೋಗುವಾಗ 21 ಗಂಟೆ 50 ನಿಮಿಷ, ಬರುವಾಗ 6 ಗಂಟೆ 30 ನಿಮಿಷ. ಒಟ್ಟು 28 ಗಂಟೆ 20 ನಿಮಿಷ. ಅರ್ಧ ಮಾಡಿದರೆ 14 ಗಂಟೆ 10 ನಿಮಿಷ. ಅದೇ ಒಂದು ಕಡೆಯ ಸರಾಸರಿ ಪ್ರಯಾಣ. ಒಂದು ಕಡೆ ಸೇರಿದ 8 ಗಂಟೆ ಇನ್ನೊಂದು ಕಡೆ ಕಳೆದುಹೋಗುವುದರಿಂದ ಗಡಿಯಾರದ ವ್ಯತ್ಯಾಸ ತಾನಾಗಿಯೇ ಮಾಯವಾಗುತ್ತದೆ. ಯಾವ ಎರಡು ಊರಿಗೂ ಇದು ನಡೆಯುತ್ತದೆ. ಊರಿನ ಸಮಯ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೋಗಿ ಬರುವ ಟಿಕೆಟ್ ಒಂದು ಕೈಯಲ್ಲಿದ್ದರೆ ಸಾಕು. ನಾನು ಎಷ್ಟೋ ಜನರಿಗೆ ಇದನ್ನು ಹೇಳಿಕೊಟ್ಟಿದ್ದೇನೆ.

ಇನ್ನು ಬಗ್ಗಿದ ಗೆರೆ. ಸೈಟ್ ಹೇಳಿದ್ದು ಸರಿ, ಗೋಡೆಯ ಭೂಪಟ ನಿಮಗೆ ಮೋಸ ಮಾಡಿದೆ. ಉರುಟು ಭೂಮಿಯನ್ನು ಚಪ್ಪಟೆ ಹಾಳೆಗೆ ಬಡಿದು ಹಾಕಿದಾಗ ಉತ್ತರದ ಕಡೆಯ ಜಾಗವೆಲ್ಲ ಅಡ್ಡಡ್ಡ ಹಿಗ್ಗಿಬಿಡುತ್ತದೆ, ಹಾಗಾಗಿ ಅಲ್ಲಿ ನೇರವಾಗಿ ಕಾಣುವ ಗೆರೆ ನಿಜವಾಗಿ ಸುತ್ತುದಾರಿ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಲಂಡನ್ ಮೇಲೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಟೋಕಿಯೊ ಮೇಲೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ನಾರ್ವೆ, ಸ್ವೀಡನ್ ದಾಟಿ, ಆರ್ಕ್‌ಟಿಕ್ ವೃತ್ತದ ಒಳಗೆ ಹೋಗಿ, ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಆಮೇಲೆ ಸೈಬೀರಿಯಾದ ಉದ್ದಕ್ಕೂ ಇಳಿದು ಜಪಾನ್‌ಗೆ ಬರುತ್ತದೆ. ಆ ದಾರದ ಉದ್ದವೇ 9,560 ಕಿ.ಮೀ. ನೀವು ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲೇ ಹೋದರೆ ಸುಮಾರು 11,300 ಕಿ.ಮೀ. ಆಗುತ್ತದೆ, ನಾನು ಈಗಷ್ಟೇ ಲೆಕ್ಕ ಹಾಕಿದೆ. ನೇರ ಅಂತ ಕಂಡದ್ದು 1,700 ಕಿ.ಮೀ. ಜಾಸ್ತಿ!

900ರಿಂದ ಭಾಗಿಸಿದಿರಲ್ಲ, ಅಲ್ಲೂ ಒಂದು ಮಾತಿದೆ. 900 ಅನ್ನುವುದು 10–12 ಕಿ.ಮೀ. ಎತ್ತರದಲ್ಲಿ, ಗಾಳಿ ಇಲ್ಲದಾಗಿನ ವೇಗ. ಏರುವಾಗ, ಇಳಿಯುವಾಗ ಅಷ್ಟು ಇರುವುದಿಲ್ಲ. ಟಿಕೆಟ್‌ನಲ್ಲಿ ಬರೆಯುವ ಹೊತ್ತು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇ ಕಡೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟ್‌ವರೆಗೆ ಬರುವುದು ಎಲ್ಲ ಅದರಲ್ಲೇ ಸೇರಿದೆ. ಹೀಥ್ರೂನಂಥ ಗಿಜಿಗುಡುವ ಜಾಗದಲ್ಲಿ ಅದೇ ಎಷ್ಟೋ ಹೊತ್ತು ತಿನ್ನುತ್ತದೆ. ಇದನ್ನೆಲ್ಲ ಸೇರಿಸಿದರೂ 11 ಗಂಟೆ 12 ಆಗಬಹುದು, 14 ಆಗುವುದಿಲ್ಲ. ಉಳಿದ ಎರಡು ಗಂಟೆಗೆ ಕಾರಣ ವಿಮಾನ ಆ ದಾರದ ಮೇಲೆ ಈಗ ಹೋಗುತ್ತಲೇ ಇಲ್ಲ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ, ಬರಲಿ.


ಉತ್ತರದಿಕ್ಕು:

ಬಂದೆ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಜೊತೆಯವರು ಹೇಳಿದ್ದು ನಿಜ. 2022ರ ಫೆಬ್ರವರಿವರೆಗೆ ಲಂಡನ್–ಟೋಕಿಯೊ ವಿಮಾನ ಸೈಬೀರಿಯಾ ಮೇಲೆಯೇ ಹೋಗುತ್ತಿತ್ತು, ಹೆಚ್ಚೂಕಡಿಮೆ ಆ ದಾರದ ಗುಂಟ. ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟನ್, ಯುರೋಪಿಯನ್ ಒಕ್ಕೂಟದ ದೇಶಗಳು ರಷ್ಯಾದ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದವು. ರಷ್ಯಾ ಅವರಿಗೆ ತನ್ನ ಆಕಾಶ ಮುಚ್ಚಿತು. ಜಪಾನ್‌ನ ಕಂಪನಿಗಳೂ ಆ ದಾರಿ ಬಿಟ್ಟವು. ಒಂದು ವಾರದೊಳಗೆ ಯುರೋಪ್‌ನಿಂದ ಜಪಾನ್, ಕೊರಿಯಾಗಳಿಗೆ ಹೋಗುವ ದಾರಿಗಳೆಲ್ಲ ಉಲ್ಟಾಪಲ್ಟಾ ಆದವು. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಹೆಲ್ಸಿಂಕಿಗೆ. ಅಲ್ಲಿಂದ ಟೋಕಿಯೊಗೆ 9 ಗಂಟೆ ಸಾಕಾಗುತ್ತಿತ್ತು, ಅದು ಒಮ್ಮೆಲೇ 13 ಗಂಟೆಗೆ ಹೋಯಿತು. ಅಲ್ಲಿನ ವಿಮಾನ ಕಂಪನಿ ಫಿನ್‌ಏರ್ ಉತ್ತರ ಧ್ರುವದ ಮೇಲೆ ಸುತ್ತಿ ಹೋಗಲು ಶುರುಮಾಡಿದಾಗ ಪ್ರಯಾಣಿಕರಿಗೆ ಧ್ರುವ ದಾಟಿದ್ದಕ್ಕೆ ಒಂದು ಪ್ರಮಾಣಪತ್ರ ಕೊಡುತ್ತಿತ್ತು.

ಈಗ ಲಂಡನ್‌ಗೂ ಟೋಕಿಯೊಗೂ ನಡುವೆ ಎರಡು ದಾರಿ ಉಳಿದಿವೆ. ಒಂದು ದಕ್ಷಿಣದ್ದು. ಕಪ್ಪು ಸಮುದ್ರದ ಕಡೆಗೆ ಇಳಿದು, ಜಾರ್ಜಿಯಾ, ಅಜರ್‌ಬೈಜಾನ್ ಮೇಲೆ ಕ್ಯಾಸ್ಪಿಯನ್ ದಾಟಿ, ಮಧ್ಯ ಏಷ್ಯಾ, ಚೀನಾ, ಕೊರಿಯಾ ಮೂಲಕ. ಮೇಲೆ ರಷ್ಯಾ, ಕೆಳಗೆ ಇರಾನ್, ನಡುವೆ ಒಂದು ಸಣ್ಣ ಓಣಿ. ಇಡೀ ಯುರೋಪ್‌ನ ವಿಮಾನಗಳು ಆ ಓಣಿಯಲ್ಲೇ ತೂರಬೇಕು. ಇನ್ನೊಂದು ಉತ್ತರದ್ದು. ಟೋಕಿಯೊದಿಂದ ಪೆಸಿಫಿಕ್ ಮೇಲೆ ಈಶಾನ್ಯಕ್ಕೆ ಹೊರಟು, ಅಲಾಸ್ಕಾ, ಕೆನಡಾದ ಉತ್ತರದ ಅಂಚು, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಹಾದು ಲಂಡನ್‌ಗೆ ಇಳಿಯುವುದು. ಆ ದಿನದ ಗಾಳಿ ನೋಡಿಕೊಂಡು ಕಂಪನಿಯವರು ಯಾವ ದಾರಿ ಅಂತ ತೀರ್ಮಾನಿಸುತ್ತಾರೆ. ಟೋಕಿಯೊಗೆ ಹೋಗುವಾಗ ಸಾಮಾನ್ಯವಾಗಿ ದಕ್ಷಿಣದ್ದು, ಲಂಡನ್‌ಗೆ ಬರುವಾಗ ಎಷ್ಟೋ ಸಲ ಉತ್ತರದ್ದು.

ಇದನ್ನು ಅಮ್ಮನಿಗೆ ಖಂಡಿತ ಹೇಳಿ. ಹೋಗುವಾಗ ಪೂರ್ವಕ್ಕೆ ಹೋಗಿ, ಬರುವಾಗಲೂ ಪೂರ್ವಕ್ಕೇ ಹೊರಟು ಅಲಾಸ್ಕಾ ಕಡೆಯಿಂದ ಬಂದರೆ, ಅವರು ಭೂಮಿಗೆ ಪೂರ್ತಿ ಒಂದು ಸುತ್ತು ಹಾಕಿದ ಹಾಗೆ. ಸಾವಿರಾರು ವರ್ಷ ಯಾರಿಗೂ ಆಗದಿದ್ದ ಕೆಲಸ ಅದು.

ಹೊಸದು ಅನ್ನಿಸಬಹುದು, ಆದರೆ ಇದು ಹಳೆಯ ದಾರಿಯೇ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಹೊರಗಿನವರಿಗೆ ಮುಚ್ಚಿತ್ತು. 1957ರ ಫೆಬ್ರವರಿ 24ರಂದು ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನವರು ಕೋಪನ್‌ಹೇಗನ್‌ನಿಂದ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಟೋಕಿಯೊಗೆ ಹೋಗುವ ದಾರಿ ತೆರೆದರು. ಪಂಖದ ವಿಮಾನ, ಡಿಸಿ-7ಸಿ. ಅದಕ್ಕೆ ಮುಂಚೆ ದಕ್ಷಿಣ ಏಷ್ಯಾ ಸುತ್ತಿ ಹೋಗಲು 50 ಗಂಟೆಯ ಆಸುಪಾಸು ಬೇಕಿತ್ತು, ಇದರಿಂದ 30ರ ಆಸುಪಾಸಿಗೆ ಬಂತು. ಮುಂದೆ ಎಷ್ಟೋ ವರ್ಷ ಯುರೋಪ್‌ನಿಂದ ಜಪಾನ್‌ಗೆ ಹೋಗುವವರೆಲ್ಲ ಎಣ್ಣೆ ತುಂಬಿಸಲು ಆಂಕರೇಜ್‌ನಲ್ಲಿ ಇಳಿಯುತ್ತಿದ್ದರು. ನನ್ನ ದೊಡ್ಡಪ್ಪ ಆ ಕಾಲದಲ್ಲಿ ಹೋಗಿದ್ದವರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದ್ದ ಹಿಮಕರಡಿಯನ್ನು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದರು. 1983ರಲ್ಲಿ ಫಿನ್‌ಏರ್ ಡಿಸಿ-10ರಲ್ಲಿ ಹೆಚ್ಚುವರಿ ಎಣ್ಣೆ ತುಂಬಿಸಿಕೊಂಡು ಎಲ್ಲೂ ನಿಲ್ಲದೆ ಹೆಲ್ಸಿಂಕಿ–ಟೋಕಿಯೊ ಹಾರಿತು. ಉತ್ತರ ಧ್ರುವದ ಮೇಲೆ, ಸುಮಾರು 13 ಗಂಟೆ. 2022ರಲ್ಲಿ ಮತ್ತೆ ಅದೇ 13 ಗಂಟೆಗೆ ಬಂದು ನಿಂತೆವು ಅಂದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ವಿಮಾನಗಳು ಎಷ್ಟು ಸುಧಾರಿಸಿವೆ, ಆದರೆ ಆಕಾಶ ಮುಚ್ಚಿದರೆ ಏನೂ ಮಾಡಲು ಆಗುವುದಿಲ್ಲ.

ಉತ್ತರದ ದಾರಿಯಲ್ಲಿ ಪೈಲಟ್‌ಗಳಿಗೆ ಒಂದು ಚಿಂತೆ ಜಾಸ್ತಿ. ಚಳಿ. ವಿಮಾನಕ್ಕೆ ತುಂಬಿಸುವ ಜೆಟ್ ಎ-1 ಎಣ್ಣೆ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಹೊರಗೆ ಮೈನಸ್ 60, 65 ಇರುವಾಗ ಗಂಟೆಗಟ್ಟಲೆ ಹಾರಿದರೆ ರೆಕ್ಕೆಯೊಳಗಿನ ಎಣ್ಣೆ ತಣ್ಣಗಾಗುತ್ತಾ ಬರುತ್ತದೆ. ಅದರ ಬಿಸಿ ನೋಡುತ್ತಲೇ ಇರುತ್ತಾರೆ, ಬೇಕಾದರೆ ಸ್ವಲ್ಪ ಕೆಳಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಅಮ್ಮನಿಗೆ ಇದನ್ನು ಹೇಳಬೇಡಿ, ಸುಮ್ನೆ ಭಯಪಡುತ್ತಾರೆ. ಭಯಕ್ಕೆ ಕಾರಣವೇನೂ ಇಲ್ಲ, ದಿನಾ ನಡೆಯುವ ಕೆಲಸ ಇದು.


ಮೋಡದಂಚು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಕೂಡಿಸಿ ಅರ್ಧ ಮಾಡುವ ಲೆಕ್ಕ ಅಮ್ಮನಿಗೆ ಕೂಡಲೇ ಹಿಡಿಸಿತು. ತಾವೇ ಪೆನ್ಸಿಲ್ ತೆಗೆದುಕೊಂಡು ಮಾಡಿ ನೋಡಿದರು. ಗ್ಲೋಬ್ ಇಲ್ಲ, ಮಕ್ಕಳ ಚೆಂಡಿನ ಮೇಲೆ ಊರು ಗುರುತು ಮಾಡಿ ದಾರ ಎಳೆದೆವು.

ಒಂದು ಉಳಿಯಿತು. ಗಾಳಿ ಗಾಳಿ ಅನ್ನುತ್ತೀರಲ್ಲ, ಹೋಗುವಾಗ ಹಿಂದಿನಿಂದ ತಳ್ಳಿದರೆ ಬರುವಾಗ ಮುಂದಿನಿಂದ ತಡೆಯುತ್ತದೆ. ಕೊನೆಗೆ ಒಟ್ಟು ಸರಿಹೋಗಬೇಕಲ್ವಾ?


ಗಾಳಿಗೆರೆ:

ಸರಿಹೋಗುವುದಿಲ್ಲ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಮಾಡಿ ನೋಡಿ. 9,600 ಕಿ.ಮೀ. ದಾರಿ, ಗಾಳಿಯೇ ಇಲ್ಲ, ವೇಗ 900. ಹೋಗಲು 10 ಗಂಟೆ 40 ನಿಮಿಷ, ಬರಲು ಅಷ್ಟೇ, ಒಟ್ಟು 21 ಗಂಟೆ 20 ನಿಮಿಷ. ಈಗ ಗಂಟೆಗೆ 100 ಕಿ.ಮೀ. ಗಾಳಿ ಇಡಿ. ಹೋಗುವಾಗ 1,000ದ ವೇಗ, 9 ಗಂಟೆ 36 ನಿಮಿಷ. ಬರುವಾಗ 800, 12 ಗಂಟೆ. ಒಟ್ಟು 21 ಗಂಟೆ 36 ನಿಮಿಷ. 16 ನಿಮಿಷ ನಷ್ಟ. ಯಾಕೆ? ಅನುಕೂಲದ ಗಾಳಿಯಲ್ಲಿ ಬೇಗ ಮುಗಿಯುತ್ತದೆ, ಅದರ ಲಾಭ ಕಡಿಮೆ ಹೊತ್ತು ಸಿಗುತ್ತದೆ. ಎದುರುಗಾಳಿಯಲ್ಲಿ ನಿಧಾನ, ಹಾಗಾಗಿ ಅದರ ಕಾಟ ಜಾಸ್ತಿ ಹೊತ್ತು. ಗಾಳಿ ಹೆಚ್ಚಾದಷ್ಟೂ ಈ ನಷ್ಟ ಬೆಳೆಯುತ್ತದೆ.

ಅದಕ್ಕೇ ಯಾರೂ ಒಂದೇ ದಾರಿಯಲ್ಲಿ ಹೋಗಿ ಅದರಲ್ಲೇ ಬರಬೇಕು ಅಂತ ಹಟ ಹಿಡಿಯುವುದಿಲ್ಲ. ಹೋಗುವಾಗ ಗಾಳಿಯ ಹೊಳೆಯೊಳಗೆ ಇಳಿಯುವುದು, ಬರುವಾಗ ಅದನ್ನು ತಪ್ಪಿಸಿ ದೂರದಿಂದ ಬರುವುದು. ಟೋಕಿಯೊದಿಂದ ಪೆಸಿಫಿಕ್ ಕಡೆಗೆ ಹೊರಟರೆ ಮೊದಲ ಕೆಲವು ಗಂಟೆ ಆ ಗಾಳಿ ಹಿಂದಿನಿಂದಲೇ ತಳ್ಳುತ್ತದೆ. ಕಿಲೋಮೀಟರ್ ಜಾಸ್ತಿ ಆದರೂ ಹೊತ್ತು ಉಳಿಯುವ ದಿನಗಳಿವೆ.

ಗಾಳಿಯ ಹೊಳೆ ಅಂದದ್ದು ಜೆಟ್ ಸ್ಟ್ರೀಮ್‌ಗೆ. ಪಶ್ಚಿಮದಿಂದ ಪೂರ್ವಕ್ಕೆ, ವಿಮಾನಗಳು ಹಾರುವ ಎತ್ತರದಲ್ಲೇ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನ್ ಮೇಲೆ ಅದು ತುಂಬ ಜೋರು, ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಅದನ್ನು ಮೊದಲು ಅಳೆದವರೂ ಜಪಾನಿನವರೇ. ವಾಸಾಬುರೊ ಓಯಿಶಿ ಅನ್ನುವ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ತತೆನೊ ಎಂಬಲ್ಲಿ ಬಲೂನ್ ಬಿಟ್ಟು, ಅವು ಎಷ್ಟು ವೇಗವಾಗಿ ಓಡುತ್ತವೆ ಅಂತ ನೋಡಿ ಬರೆದಿಟ್ಟರು. ಹೊರಗಿನ ಜಗತ್ತಿಗೆ ತಿಳಿಯಲಿ ಅಂತ 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಪ್ರಕಟಿಸಿದರು. ಆ ಭಾಷೆ ಓದುವವರು ಎಷ್ಟು ಜನ? ಹೊರಗೆ ಯಾರೂ ಗಮನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳ ಪೈಲಟ್‌ಗಳು ಆ ಗಾಳಿಗೆ ಸಿಕ್ಕಿ ದಂಗಾದರು. ಓಯಿಶಿ ಅವರ ಹೆಸರು ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕು ಅನ್ನುವ ಆಸೆ ನನಗೆ.

ಗಾಳಿಯ ಬಲ ಎಷ್ಟು ಅನ್ನುವುದಕ್ಕೆ ಒಂದು ಉದಾಹರಣೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಸಾಮಾನ್ಯವಾಗಿ ಆರು ಗಂಟೆ ದಾಟುವ ದಾರಿ ಅದು. ನೆಲದಿಂದ ನೋಡಿದರೆ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಂತ ಶಬ್ದದ ವೇಗ ದಾಟಲಿಲ್ಲ, ವಿಮಾನ ತನ್ನ ಸುತ್ತಲಿನ ಗಾಳಿಯೊಳಗೆ ಎಂದಿನ ವೇಗದಲ್ಲೇ ಹೋಗುತ್ತಿತ್ತು. ಗಾಳಿಯೇ ಅದನ್ನು ಹೊತ್ತು ತಂದಿತು.

ನೀವು ಜೂನ್ ಅಂದಿರಿ. ಬೇಸಿಗೆಯಲ್ಲಿ ಈ ಗಾಳಿ ತಗ್ಗಿರುತ್ತದೆ, ಉತ್ತರಕ್ಕೂ ಸರಿದಿರುತ್ತದೆ. ಟಿಕೆಟ್‌ನಲ್ಲಿ ಬರೆದ ಹೊತ್ತಿಗಿಂತ ಅರ್ಧ ಗಂಟೆ ಆಚೆ ಈಚೆ ಆದರೆ ಗಾಬರಿ ಬೇಡ.


ಬೆಳಗಿನ ಚಹಾ:

ನೋಡಪ್ಪ, ನಿನ್ನ ಅಮ್ಮನಿಗಿಂತ ನಾನು ಎರಡೇ ವರ್ಷ ಚಿಕ್ಕವಳು, ಮಂಡಿನೋವು ನನಗೂ ಇದೆ. ಮಕ್ಕಳು ಬೇರೆ ಬೇರೆ ದೇಶದಲ್ಲಿರುವುದರಿಂದ ಇಂಥ ಉದ್ದದ ವಿಮಾನಗಳಲ್ಲಿ ಒಬ್ಬಳೇ ಓಡಾಡಿದ್ದೇನೆ. ಕಿಲೋಮೀಟರ್, ಗಾಳಿ ಎಲ್ಲ ಈ ಹುಡುಗರು ಚೆನ್ನಾಗಿ ಹೇಳಿದ್ದಾರೆ. ನಾನು ಕಾಲಿನ ವಿಷಯ ಹೇಳುತ್ತೇನೆ.

ನೇರ ವಿಮಾನವೇ ತೆಗೆದುಕೊ. ನಡುವೆ ಇಳಿದರೆ ಕಾಲಿಗೆ ಆರಾಮ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಳಿದ ಮೇಲೆ ಆಗುವುದೇ ಬೇರೆ. ಉದ್ದುದ್ದ ಓಣಿಗಳಲ್ಲಿ ನಡೆಯಬೇಕು, ಮತ್ತೆ ತಪಾಸಣೆಗೆ ನಿಲ್ಲಬೇಕು, ಬೋರ್ಡಿನಲ್ಲಿ ಗೇಟ್ ನಂಬರ್ ಹುಡುಕಬೇಕು, ಅದು ಬದಲಾದರೆ ಮತ್ತೆ ಅಷ್ಟು ದೂರ ನಡೆಯಬೇಕು, ಇಷ್ಟೆಲ್ಲ ನಿದ್ದೆಗಣ್ಣಿನಲ್ಲಿ. ದುಬೈ ಮೇಲೆ ಹೋದರೆ ಲಂಡನ್‌ನಿಂದ ಏಳು ಗಂಟೆ, ಅಲ್ಲಿಂದ ಟೋಕಿಯೊಗೆ ಒಂಬತ್ತೂವರೆ ಹತ್ತು ಗಂಟೆ, ನಡುವೆ ಕಾಯುವುದು ಎರಡು ಮೂರು ಗಂಟೆ. 20 ಗಂಟೆ ಹತ್ತಿರ ಬಂತಲ್ವಾ? ದಾರಿಯೂ 13,000 ಕಿ.ಮೀ. ದಾಟುತ್ತದೆ. ಕೂರುವ ಹೊತ್ತು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು.

ನನ್ನ ಒಂದು ಅನುಭವ ಹೇಳಬೇಕು. ಒಮ್ಮೆ ಮಗ ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದ, ಒಂದು ಕಂಪನಿಯಲ್ಲಿ ಅರ್ಧ ದಾರಿ, ಇನ್ನೊಂದರಲ್ಲಿ ಉಳಿದರ್ಧ. ಮೊದಲನೆಯದು ಎರಡು ಗಂಟೆ ತಡವಾಯಿತು. ಇಳಿದು ಓಡಿದರೂ ಎರಡನೆಯದು ಹೋಗಿಬಿಟ್ಟಿತ್ತು. ಕೌಂಟರ್‌ನಲ್ಲಿ ಕೇಳಿದರೆ, ನಿಮ್ಮ ಮೊದಲ ವಿಮಾನಕ್ಕೂ ನಮಗೂ ಸಂಬಂಧವಿಲ್ಲ ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ ಅಂತ ಆಮೇಲೆ ಗೊತ್ತಾಯಿತು. ಹೊಸ ಟಿಕೆಟ್ ತೆಗೆಯಬೇಕಾಯಿತು, ರಾತ್ರಿ ಇಡೀ ಬೆಂಚಿನ ಮೇಲೆ ಕೂತಿದ್ದೆ. ಬೆಳಗಿನ ಜಾವ ಮಗನಿಗೆ ಫೋನ್ ಮಾಡಿ ಅತ್ತಿದ್ದೂ ಆಯಿತು. ಹಾಗಾಗಿ ನಡುವೆ ಇಳಿಯಲೇಬೇಕು ಅಂದರೆ ಇಡೀ ಪ್ರಯಾಣ ಒಂದೇ ಬುಕ್ಕಿಂಗ್‌ನಲ್ಲಿರಲಿ. ಆಗ ತಪ್ಪಿಹೋದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ.

ವೀಲ್‌ಚೇರ್ ಕೇಳಲು ಸಂಕೋಚ ಬೇಡ ಅಂತ ಅಮ್ಮನಿಗೆ ಹೇಳು. ನಡೆಯಲು ಬರುವವರೂ ಕೇಳಬಹುದು. ಹೊರಡುವುದಕ್ಕೆ 48 ಗಂಟೆ ಮುಂಚೆಯಾದರೂ ಕಂಪನಿಗೆ ತಿಳಿಸು, ದುಡ್ಡು ತೆಗೆದುಕೊಳ್ಳುವುದಿಲ್ಲ. ಟೋಕಿಯೊದಲ್ಲಿ ಇಳಿದ ಮೇಲೂ ಜೊತೆಗೊಬ್ಬರು ಬಂದು ಪಾಸ್‌ಪೋರ್ಟ್ ಸಾಲು ದಾಟಿಸಿ ಹೊರಗೆ ಬಿಡುತ್ತಾರೆ. ಭಾಷೆ ಬಾರದ ಊರಲ್ಲಿ ಅದೇ ದೊಡ್ಡ ಧೈರ್ಯ. ವಿಮಾನದಲ್ಲಿ ಓಣಿ ಪಕ್ಕದ ಸೀಟು ಮೊದಲೇ ಆರಿಸಿಡು. ಕಿಟಕಿ ಚೆಂದ, ಆದರೆ ಪಕ್ಕದವರನ್ನು ಎಬ್ಬಿಸಬೇಕಲ್ಲ ಅಂತ ನಮ್ಮಂಥವರು ಏಳುವುದೇ ಇಲ್ಲ. ನಾಲ್ಕು ಗಂಟೆಗಿಂತ ಜಾಸ್ತಿ ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ, ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡಲಿ, ನೀರು ಕುಡಿಯುತ್ತಿರಲಿ. ಬಿಗಿ ಕಾಲುಚೀಲ ಹಾಕಬೇಕಾ ಅಂತ ಡಾಕ್ಟರ್‌ನ ಒಂದು ಮಾತು ಕೇಳು. ದಿನದ ಮಾತ್ರೆ ಇದ್ದರೆ ಎಷ್ಟು ಗಂಟೆಗೆ ತೆಗೆದುಕೊಳ್ಳಬೇಕು ಅಂತಲೂ ಅವರಿಂದಲೇ ಬರೆಸಿಕೊ, 8 ಗಂಟೆ ಗಡಿಯಾರ ಮುಂದೆ ಹೋಗುವಾಗ ಗೊಂದಲ ಆಗುತ್ತದೆ. ಮಾತ್ರೆ ಕೈಚೀಲದಲ್ಲೇ ಇರಲಿ.


ದಾರದುಂಡೆ:

ಅಮ್ಮಾ, ನೀವು ಹೇಳಿದ್ದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಎಲ್ಲ ನಿಲುಗಡೆಯೂ ಅಷ್ಟು ಉದ್ದ ಅಲ್ಲ. ಚೀನಾದ ಕಂಪನಿಗಳು ಈಗಲೂ ರಷ್ಯಾ ಮೇಲೆ ಹಾರುತ್ತವೆ. ಲಂಡನ್–ಬೀಜಿಂಗ್ ಸುಮಾರು 8,150 ಕಿ.ಮೀ., ಹತ್ತು ಗಂಟೆ ಚಿಲ್ಲರೆ. ಅಲ್ಲಿಂದ ಟೋಕಿಯೊ 2,100 ಕಿ.ಮೀ., ಮೂರರಿಂದ ಮೂರೂವರೆ ಗಂಟೆ. ಅಂದರೆ ಆಕಾಶದಲ್ಲಿ ಕಳೆಯುವ ಹೊತ್ತು ನೇರ ವಿಮಾನದಷ್ಟೇ ಆಯಿತು. ಗಟ್ಟಿ ಕಾಲಿನವರಾಗಿದ್ದರೆ, ನಡುವೆ ಎರಡು ಗಂಟೆ ಮಾತ್ರ ಕಾಯುವುದಿದ್ದರೆ ನಾನು ಅದನ್ನೂ ನೋಡು ಅನ್ನುತ್ತಿದ್ದೆ.

ಇಲ್ಲಿ ಮಾತ್ರ ನನ್ನ ಮತವೂ ನೇರ ವಿಮಾನಕ್ಕೇ.

ಮತ್ತೊಂದು, ಟೋಕಿಯೊ ಅಂತ ಮಾತ್ರ ನೋಡಬೇಡಿ. ಅಲ್ಲಿ ಎರಡು ವಿಮಾನ ನಿಲ್ದಾಣ. ಹನೆಡಾ ಊರಿನ ನಡುವಿನಿಂದ ಸುಮಾರು 15 ಕಿ.ಮೀ., ನರಿತಾ ಸುಮಾರು 60 ಕಿ.ಮೀ. ಅಕ್ಕನ ಮನೆ ಎಲ್ಲಿದೆಯೋ ಅದನ್ನು ನೋಡಿ ಆರಿಸಿ. ಆಕಾಶದಲ್ಲಿ ಉಳಿಸಿದ ಅರ್ಧ ಗಂಟೆ ನೆಲದ ಮೇಲೆ ಹೋಗಿಬಿಡುತ್ತದೆ.


ಮೋಡದಂಚು:

ಟಿಕೆಟ್ ಆಯಿತು. ನೇರ ವಿಮಾನ, ಹೀಥ್ರೂನಿಂದ ಹನೆಡಾ, ಓಣಿ ಪಕ್ಕದ ಸೀಟು, ವೀಲ್‌ಚೇರ್‌ಗೂ ಹೇಳಿದ್ದೇನೆ. ಬೆಳಗಿನ ಚಹಾ ಅಮ್ಮಾ, ನಿಮ್ಮ ಮಾತನ್ನು ನಮ್ಮಮ್ಮನಿಗೆ ಪೂರ್ತಿ ಓದಿ ಹೇಳಿದೆ. ಬೆಂಚಿನ ಮೇಲೆ ಕೂತ ಭಾಗ ಬಂದಾಗ ಸುಮ್ಮನಾಗಿಬಿಟ್ಟರು. ಆಮೇಲೆ, ಸರಿ, ಗಾಲಿಕುರ್ಚಿಗೆ ಹೇಳು ಅಂದರು. ಇಷ್ಟು ದಿನ ಅದಕ್ಕೆ ಒಪ್ಪಿರಲೇ ಇಲ್ಲ.

ಕಿಲೋಮೀಟರ್ ಬಿಟ್ಟು ಅವರು ಕೇಳಿದ್ದು ಒಂದೇ. ಇಲ್ಲಿ ಬಾಗಿಲು ಹಾಕಿದ ಮೇಲೆ ಅಕ್ಕನ ಮನೆಯ ಬಾಗಿಲಿಗೆ ಎಷ್ಟು ಹೊತ್ತು? ಕೂತು ಲೆಕ್ಕ ಹಾಕಿದೆವು. ಬೆಳಿಗ್ಗೆ 5:15ಕ್ಕೆ ಮನೆ ಬಿಡುವುದು, 6:30ಕ್ಕೆ ಹೀಥ್ರೂ, ಮೂರು ಗಂಟೆ ಅಲ್ಲಿ. ವಿಮಾನದಲ್ಲಿ 13 ಗಂಟೆ 50 ನಿಮಿಷ. ಇಳಿದು ಪಾಸ್‌ಪೋರ್ಟ್, ಲಗೇಜ್ ಎಲ್ಲ ಮುಗಿಯಲು ಒಂದೂಕಾಲು ಗಂಟೆ. ಅಲ್ಲಿಂದ ಅಕ್ಕನ ಮನೆಗೆ 55 ನಿಮಿಷ. ಒಟ್ಟು 20 ಗಂಟೆ 15 ನಿಮಿಷ, ಟೋಕಿಯೊ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅಮ್ಮ ಅದನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಒಳಗೆ ಇಟ್ಟುಕೊಂಡಿದ್ದಾರೆ. ಕೆಳಗೆ, ಬರುವಾಗ ಅಲಾಸ್ಕಾ ಮೇಲೆ ಬರಬಹುದು ಅಂತಲೂ ಬರೆದಿದ್ದಾರೆ.

ಅಕ್ಕನಿಗೆ, 7:20ಕ್ಕೇ ಬರಬೇಡ, ಅಮ್ಮ ಹೊರಗೆ ಬರುವುದು ಎಂಟೂವರೆ ಆಗುತ್ತದೆ ಅಂತ ಹೇಳಿದ್ದೇನೆ. ಆರಕ್ಕೇ ಬಂದು ನಿಲ್ಲುತ್ತೇನೆ ಅಂದಳು.